ಗುರವ್ವನ ಒಡ್ಡು

ಗುರವ್ವ ತನ್ನ ಇಳಿಜಾರು ಹೊಲಕ್ಕೆ ಕಲ್ಲಿನ ಒಡ್ಡು ಹಾಕಿಸಿದ ಮೇಲೆ ಮಳೆಗೆ ಮಣ್ಣು ಕೊಚ್ಚಿಹೋಗುವುದು ನಿಂತಿತು. ಜೋಳ ಹುಲುಸಾಗಿ ಬಂತು. ಹುಬ್ಬಳ್ಳಿಯ ಮಂದಿ ಅವಳ ಹೊಲದ ಮನೆಗೇ ಬಂದು ಜೋಳ ಕೊಂಡೊಯ್ಯತೊಡಗಿದರು.

ಒಂದು ದಿನ ಆ ಗಿರಾಕಿಗಳ ಎದುರಿಗೇ ಕೆಳಗಿನ ಹೊಲದ ದೇಸಾಯರು ಬಂದು ಗದರಿದರು.

"ಏ ಗುರವ್ವ, ನಾಳೆನ ಈ ಒಡ್ಡು ಒಡಿಸು. ಪ್ರತಿ ವರ್ಷಾ ಮಳಿ ಬಂದಾಗ ನಿನ್ನ ಕರಿಮಣ್ಣು ನನ್ನ ಹೊಲಕ್ಕ ಬರ್ತಿತ್ತು. ಅದು ನನ್ನ ಹಕ್ಕು!"

ಊರಲ್ಲಿ ದೇಸಾಯರಿಗೆ ಎದುರಾಡುವವರಿರಲಿಲ್ಲ. ಆದರೂ ಗುರವ್ವ ಸೆರಗು ಸರಿಮಾಡಿಕೊಂಡು ಗಿರಾಕಿಗಳ ಕಡೆ ತಿರುಗಿದಳು.

"ಕೇಳಿದ್ರಲ್ಲ? ದೇಸಾಯರ ಹೊಲದಾಗ ಇರೋದು ನನ್ನ ಮಣ್ಣಂತ. ಅಲ್ಲಿ ಬೆಳದ ಜೋಳದಾಗ ನನಗೂ ಪಾಲೈತಿ. ಹೋಗಿ ಅಲ್ಲೂ ನನ್ನ ಪಾಲಿನ ಜೋಳ ಅಳಸ್ಕೊಳ್ರಿ."

ಗಿರಾಕಿಗಳು ಕುತೂಹಲದಿಂದ ದೇಸಾಯರ ಮುಖ ನೋಡಿದರು. ಒಬ್ಬರು ಖಾಲಿ ಚೀಲ ಹಿಡಿದು ಎದ್ದೇಬಿಟ್ಟರು.

"ಸುಳ್ಳು!" ಎಂದು ದೇಸಾಯರು ಕೂಗಿದರು. "ನನ್ನ ಹೊಲದಾಗ ಮಂದಿ ಮಣ್ಣು ಒಂದು ಹಿಡಿನೂ ಇಲ್ಲ!"

"ಹಂಗಾದ್ರ ಬರಲಾರದ ಮಣ್ಣಿಗೆ ಒಡ್ಡು ಯಾಕ ಒಡೀಬೇಕ್ರಿ, ಧಣ್ಯಾರ?"

ಗಿರಾಕಿಗಳು ನಗುತ್ತ ಚೀಲ ಹೊತ್ತು ಹೋದರು. ದೇಸಾಯರು ಮಾತ್ರ ಹೋಗಲಿಲ್ಲ. ಒಡ್ಡಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಕಲ್ಲಿನ ಸಂದಿಯಲ್ಲಿ ಬೆರಳಾಡಿಸಿ, ಮೆಲ್ಲಗೆ ಕೇಳಿದರು.

"ನನ್ನ ಮಣ್ಣೂ ವರ್ಷಾ ಹಳ್ಳಕ್ಕ ಹೋಗ್ತೈತಿ. ಇದನ್ನ ಕಟ್ಟಿದವರು ಯಾರವ್ವ?"