ಅರ್ಧ ಮೀಸೆಯ ದಾವೆ

ಕೋರ್ಟಿನ ಎದುರಿನ ಮಳಿಗೆಯಿಂದ ಕ್ಷೌರಿಕ ಸಿದ್ರಾಮನನ್ನು ಎಬ್ಬಿಸಲು ಮಾಲೀಕ ಮಲ್ಲೇಶಪ್ಪ ಸಾಹುಕಾರರು ದಾವೆ ಹೂಡಿದ್ದರು. ತಮಗಿಂತ ದೊಡ್ಡ ವಕೀಲನಿಲ್ಲವೆಂದು ತಾವೇ ವಾದಿಸುತ್ತಿದ್ದರು. ವಿಚಾರಣೆಯ ದಿನ ಸಿದ್ರಾಮ ಹೊರಡುವ ಹೊತ್ತಿಗೆ ಸರಿಯಾಗಿ ಅಳಿಯನ ಜೊತೆ ಬಂದು ಕುರ್ಚಿಯಲ್ಲಿ ಕೂತರು.

“ಮೊದಲ ನನ್ನ ಮೀಸಿ ತಿದ್ದು. ಆಮ್ಯಾಲ ಅಳ್ಯಾಗ ಕಟಿಂಗು, ತಲೀಗೆ ಎಣ್ಣಿ. ಬಂದ ಗಿರಾಕೀನ ಬಿಟ್ಟು ಹೋದ್ರ ನಿನ್ನ ಕಸುಬಿಗೆ ಶೋಭಾ ಅಲ್ಲ.”

ಹುನ್ನಾರ ಸಿದ್ರಾಮನಿಗೆ ತಿಳಿಯಿತು. ಇವರು ಮೀಸೆ ತಿರುವುತ್ತ ಕೋರ್ಟಿಗೆ ಹೋಗುತ್ತಾರೆ, ತಾನು ಅಳಿಯನ ತಲೆ ತಿಕ್ಕುತ್ತಿರಬೇಕು. ಕೂಗಿದಾಗ ಪ್ರತಿವಾದಿ ಗೈರಾದರೆ ತೀರ್ಪು ಏಕಪಕ್ಷೀಯ.

ಅವನು ಎಡಗಡೆಯ ಮೀಸೆಯನ್ನು ಪೂರ್ತಿ ಬೋಳಿಸಿದ. ಕತ್ತಿ ಒರೆಸಿ ಕಿಸೆಗಿಟ್ಟ.

“ಬಿಟ್ಟು ಹೋಗಾಕತ್ತಿಲ್ರಿ ಸಾವ್ಕಾರ್ರ, ಅರ್ಧ ಕೆಲಸ ಬಾಕಿ ಐತಿ. ಈಗ ಬಂದೆ.”

ಕೋರ್ಟಿನ ಜವಾನ ಮೂರು ಸಲ ಕೂಗಿದ್ದು ಕುರ್ಚಿಯವರೆಗೂ ಕೇಳಿಸಿತು. ಅರ್ಧ ಮೀಸೆ ಹೊತ್ತು ಊರೆದುರು ನಡೆಯುವ ಧೈರ್ಯ ಸಾಹುಕಾರರಿಗೆ ಬರಲಿಲ್ಲ. ವಾದಿ ಗೈರೆಂದು ನ್ಯಾಯಾಧೀಶರು ದಾವೆ ವಜಾ ಮಾಡಿದರು.

ಸಿದ್ರಾಮ ಮರಳಿ ಬಂದು ಕತ್ತಿ ತೆಗೆದ.

“ಉಳಿದರ್ಧ ಇವತ್ತ ತೆಗೀಲೇನ್ರಿ, ಇಲ್ಲಾ ವಾಯಿದೆ ಬೇಕೇನ್ರಿ?”