ಗದ್ದುಗೆಗಾಗಿ ಅಪ್ಪನನ್ನು ಬದಲಿಸಿದ ದಳವಾಯಿ

ಕೇಳ್ರಪ್ಪ, ಹತ್ತಿರ ಬಂದು ಕೂತ್ಕೊಳ್ಳಿ. ಈ ಕಥೆ ಹೇಳುವಾಗ ನನಗೆ ಸಿಟ್ಟು ಬರುತ್ತೆ. ಬಂದರೆ ಬರಲಿ, ನೀವು ಹೆದರಬೇಡಿ.

ಮುಳ್ಳುಗೋಟೆ ಅಂತ ಒಂದು ಪಾಳೆಯಪಟ್ಟು. ಅಲ್ಲಿ ಬಿಲ್ಲಪ್ಪನಾಯಕ ಅಂತ ಪಾಳೆಯಗಾರ. ಹುಲಿ ಬೆಡಗಿನವನು. ಬೆಡಗು ಅಂದರೆ ವಂಶದ ಬಳ್ಳಿ. ಒಂದೇ ಬೆಡಗಿನವರೆಲ್ಲ ಒಡಹುಟ್ಟಿದವರ ಲೆಕ್ಕ, ಅವರೊಳಗೆ ಮದುವೆ ಇಲ್ಲ. ನಾಯಕನಿಗೆ ಸೂರವ್ವ ಅಂತ ಒಬ್ಬಳೇ ಮಗಳು. ದಂಡು ನೋಡಿಕೊಳ್ಳೋಕೆ ಕೆಂಚಣ್ಣ ಅಂತ ದಳವಾಯಿ.

ಒಂದು ದಿನ ನಾಯಕ ಬೇಟೆಗೆ ಹೋದ. ಜೊತೆಗೆ ಕೆಂಚಣ್ಣ ಹೋದ. ತಿರುಗಿ ಬಂದವನು ಕೆಂಚಣ್ಣ ಒಬ್ಬನೇ.

"ಕಾಡುಹಂದಿ ತಿವಿದುಬಿಡ್ತು" ಅಂದ.

ಹಂದಿ ಯಾವತ್ತಾದರೂ ಬೆನ್ನಿಗೆ ಈಟಿ ಹಾಕುತ್ತಾ? ಹೆಣ ತೊಳೆದವರಿಗೆ ಗೊತ್ತಿತ್ತು, ಹೊತ್ತವರಿಗೆ ಗೊತ್ತಿತ್ತು, ಏಳು ಹಳ್ಳಿ ಗೌಡರಿಗೂ ಗೊತ್ತಿತ್ತು. ಒಬ್ಬರೂ ಬಾಯಿ ಬಿಡಲಿಲ್ಲ. ಥೂ!

ಕೆಂಚಣ್ಣನಿಗೆ ಗದ್ದುಗೆಯೂ ಬೇಕು, ಸೂರವ್ವನೂ ಬೇಕು. ಗೌಡರು ತಲೆ ಕೆರೆದುಕೊಂಡು, "ಗದ್ದುಗೆ ಹುಲಿ ಬೆಡಗಿನ ರಕ್ತಕ್ಕೇ ಸೇರಬೇಕು. ಅಳಿಯನಾದವನಿಗೆ ಕೊಟ್ಟ ಪದ್ಧತಿ ಇಲ್ಲ" ಅಂದರು. ಅಷ್ಟು ಹೇಳೋಕೆ ಅವರಿಗೆ ಧೈರ್ಯ ಬಂದದ್ದೇ ದೊಡ್ಡದು.

ಕೆಂಚಣ್ಣ ಒಬ್ಬ ಪಂಡಿತನಿಗೆ ಚಿನ್ನದ ಕಡಗ ತೊಡಿಸಿದ. ಪಂಡಿತ ಅವನನ್ನು ಸೂರ್ಯನ ವಂಶದವನು ಅಂತ ಹಾಡಿದ. ಗೌಡರು, "ವಂಶ ಬಲ್ಲ ಹೆಳವ ಬಂದು ಹೇಳಲಿ" ಅಂದರು. ಒಬ್ಬ ಜೋಯಿಸನಿಗೆ ಶಾಲು ಹೊದಿಸಿದ. ಜೋಯಿಸ ಅವನನ್ನು ಚಂದ್ರನ ವಂಶಕ್ಕೆ ಸೇರಿಸಿದ. ಗೌಡರು ಮತ್ತೆ, "ಹೆಳವ ಬಂದು ಹೇಳಲಿ" ಅಂದರು. ಒಂದು ಕಡಗಕ್ಕೆ ಸೂರ್ಯನನ್ನೇ ಮಾರುವ ಓದಿದವರನ್ನು ಏನಂತ ಕರೆಯೋಣ ಹೇಳಿ?

ಆ ಹೆಳವನೇ ಹೊನ್ನಜ್ಜ. ಎತ್ತಿನ ಮೇಲೆ ಕೂತು ಊರೂರು ತಿರುಗಿ, ಮನೆಮನೆಯ ವಂಶ ಹಾಡುವುದು ಅವನ ಕಸುಬು. ಯಾರ ಮಗ ಯಾರು, ಯಾವ ಮಗಳನ್ನು ಯಾವ ಊರಿಗೆ ಕೊಟ್ಟರು, ಎಲ್ಲ ಅವನ ತಾಮ್ರದ ಹಲಗೆಗಳಲ್ಲಿ ಕೆತ್ತಿತ್ತು. ಬಡವನ ಮನೆಗೂ ಅದೇ ಉಳಿ, ಪಾಳೆಯಗಾರನ ಮನೆಗೂ ಅದೇ ಉಳಿ.

ಕೆಂಚಣ್ಣ ಅವನನ್ನು ಎಳೆದು ತರಿಸಿದ.

"ಲೇ ಹೆಳವ, ಬಿಲ್ಲಪ್ಪನಾಯಕರ ಮಗ ಕೆಂಚಣ್ಣ ಅಂತ ಕೆತ್ತು."

"ದಳವಾಯಿಗಳೇ, ನಿಮ್ಮಪ್ಪ ಕುದುರೆ ಲಾಯದ ದ್ಯಾಮಣ್ಣ. ನಿಮ್ಮದು ಜೇನು ಬೆಡಗು. ಕುಂಟು ಕುದುರೆಯನ್ನೂ ನಡೆಸುತ್ತಿದ್ದ ಬಂಗಾರದಂಥ ಮನುಷ್ಯ. ಅವನ ಹೆಸರು ಹೇಳೋಕೆ ನಾಚಿಕೆಯಾ?"

"ಲದ್ದಿ ಬಾಚುವವನು ನನ್ನಪ್ಪ ಅಲ್ಲ! ನಾಯಕರಿಗೆ ಗುಟ್ಟಾಗಿ ಹುಟ್ಟಿದವನು ನಾನು. ಕೆತ್ತದಿದ್ದರೆ ನಿನ್ನ ನಾಲಿಗೆ ಕುಯ್ತೀನಿ, ಹಲಗೆ ಎಲ್ಲಾ ಕರಗಿಸಿ ಹಂಡೆ ಮಾಡಿಸ್ತೀನಿ."

ನೋಡಿದಿರಾ? ಅಪ್ಪನನ್ನು ಬಿಟ್ಟ, ಹೆತ್ತವಳ ಮಾನವನ್ನೂ ಹರಾಜು ಹಾಕಿದ. ಹೊನ್ನಜ್ಜ ಮನಸ್ಸಿನಲ್ಲೇ ಲೆಕ್ಕ ಹಾಕಿದ. ನಾಲಿಗೆ ಹೋದರೆ ಹೋಗಲಿ, ಹಲಗೆ ಹೋದರೆ ಏಳು ಹಳ್ಳಿಯ ಅಜ್ಜ ಮುತ್ತಜ್ಜಂದಿರೆಲ್ಲ ಹೋದ ಹಾಗೆ.

ನಾಡಿದ್ದು ಗೌಡರ ಮುಂದೆ ಹಲಗೆ ತರ್ತೀನಿ ಅಂತ ಹೇಳಿ ಹೊರಗೆ ಬಂದಾಗ ಸೂರವ್ವ ಅವನ ಕಾಲು ಹಿಡಿದಳು. "ಅಜ್ಜ, ನಾಡಿದ್ದೇ ಮದುವೆಯಂತೆ. ಅಪ್ಪನ್ನ ಕೊಂದವನ ಕೈ ಹಿಡಿಯೋ ಬದಲು ಬಾವಿಗೆ ಬೀಳ್ತೀನಿ."

"ಬೀಳಬೇಡ ತಾಯಿ. ಅವನೇ ಬೀಳ್ತಾನೆ, ನೋಡ್ತಿರು" ಅಂದ ಅಜ್ಜ.

ಮೂರನೇ ದಿನ ಬೆಳಿಗ್ಗೆ ಗೌಡರೆಲ್ಲ ಸೇರಿದರು. ಹೊನ್ನಜ್ಜ ಹಲಗೆಯನ್ನು ಗದ್ದುಗೆ ಮುಂದೆ ಇಟ್ಟ.

"ಹೊಸ ಹೆಸರು ಸೇರಿಸೋದು ನಾನಲ್ಲ. ಸೇರುವವನೇ ಹಲಗೆ ಮುಟ್ಟಿ ಮೂರು ಸಲ ಆಣೆ ಮಾಡಬೇಕು. ಆಮೇಲೆ ನನ್ನ ಉಳಿ."

ಕೆಂಚಣ್ಣ ಹಲಗೆ ಮುಟ್ಟಿದ. "ನಾನು ಬಿಲ್ಲಪ್ಪನಾಯಕರ ಮಗ."

"ಯೋಚನೆ ಮಾಡಿ ದಳವಾಯಿಗಳೇ."

"ನಾನು ಬಿಲ್ಲಪ್ಪನಾಯಕರ ಮಗ!"

"ಇನ್ನೂ ಹೊತ್ತಿದೆ. ದ್ಯಾಮಣ್ಣನನ್ನ ನೆನೆಸಿಕೊಳ್ಳಿ."

"ಯಾವ ದ್ಯಾಮಣ್ಣ? ನಾನು ಬಿಲ್ಲಪ್ಪನಾಯಕರ ಮಗ, ಹುಲಿ ಬೆಡಗಿನವನು!"

ಗೌಡರು ಹೂಂಗುಟ್ಟಿದರು. ಕೆಂಚಣ್ಣ ಗದ್ದುಗೆ ಹತ್ತಿದ. ಪಂಡಿತ ಹಾಡಿದ, ಜೋಯಿಸ ಅಕ್ಷತೆ ಹಾಕಿದ. ಹತ್ತಿದವನು ಅಲ್ಲಿಗೆ ಸುಮ್ಮನಿರಬೇಕಿತ್ತು. ದುರಾಸೆ ಬಿಡಬೇಕಲ್ಲ! ಮಧ್ಯಾಹ್ನಕ್ಕೇ ಹಸೆಮಣೆ ಏರಿ ಕೂತ.

ಧಾರೆಗೆ ಮೊದಲು ಗಂಡು ಹೆಣ್ಣಿನ ಬೆಡಗು ಕೂಗಿ ಹೇಳುವುದು ಹೆಳವನ ಕೆಲಸ. ಹೊನ್ನಜ್ಜ ಗಂಟೆ ಬಾರಿಸಿ ಕೂಗಿದ.

"ಹೆಣ್ಣು ಸೂರವ್ವ. ಹುಲಿ ಬೆಡಗು. ಬಿಲ್ಲಪ್ಪನಾಯಕರ ಮಗಳು. ಗಂಡು ಕೆಂಚಣ್ಣ. ಹುಲಿ ಬೆಡಗು. ಬಿಲ್ಲಪ್ಪನಾಯಕರ ಮಗ. ಗೌಡರೇ, ಅಣ್ಣನಿಗೆ ತಂಗಿಯನ್ನು ಧಾರೆ ಎರೆಯೋದು ಯಾವ ಊರಿನ ಪದ್ಧತಿ?"

ಚಪ್ಪರದಲ್ಲಿ ಗುಲ್ಲೆದ್ದಿತು. ಹೆಂಗಸರು ಕಿವಿ ಮುಚ್ಚಿಕೊಂಡರು. ಸೂರವ್ವ ಎದ್ದು ನಿಂತಳು.

"ಅಣ್ಣ ಅಂದಮೇಲೆ ಕೇಳ್ತೀನಿ, ಹೇಳು. ನಮ್ಮಪ್ಪನ ಬೆನ್ನಿಗೆ ಈಟಿ ಹಾಕಿದವರು ಯಾರು? ಹೆತ್ತ ತಂದೆಯನ್ನೇ ಕೊಂದವನಾ ನೀನು?"

ಕೆಂಚಣ್ಣನ ಮುಖ ಕಪ್ಪಿಟ್ಟಿತು. ಜನ ಮುಂದೆ ನುಗ್ಗಿದರು. ಹೆದರಿ ಕಿರುಚಿದ: "ಅಯ್ಯೋ, ಅವನು ನನ್ನಪ್ಪ ಅಲ್ಲ! ನಾನು ಕೊಂದಿದ್ದು ನನ್ನಪ್ಪನ್ನಲ್ಲ! ನನ್ನಪ್ಪ ಲಾಯದ ದ್ಯಾಮಣ್ಣ!"

ಅವನ ಬಾಯಿಂದಲೇ ಎಲ್ಲ ಬಂತು. ಆಣೆ ಸುಳ್ಳು, ಕೊಲೆ ನಿಜ. ಅವನ ಸಿಪಾಯಿಗಳೇ ಈಟಿ ಕೆಳಗಿಟ್ಟರು. "ಹೆತ್ತಪ್ಪನನ್ನೇ ಇಲ್ಲ ಅಂದವನು ನಾಳೆ ನಮ್ಮನ್ನು ಉಳಿಸ್ತಾನಾ?" ಅಂದರು. ಅವನ ಕೈಗೆ ಹಗ್ಗ ಬಿತ್ತು. ಪಂಡಿತ, ಜೋಯಿಸ ಹಿತ್ತಲ ಬಾಗಿಲಿಂದ ಕಾಲು ಕಿತ್ತರು.

ಗೌಡರು ಸೂರವ್ವನನ್ನೇ ಗದ್ದುಗೆಗೆ ಕೂರಿಸಿದರು. ಹುಲಿ ಬೆಡಗಿನ ರಕ್ತ ಮೊದಲಿಂದಲೂ ಅವರ ಕಣ್ಣ ಮುಂದೇ ಇತ್ತಲ್ಲ! ಹೆಣ್ಣು ಅನ್ನೋ ಕಾರಣಕ್ಕೆ ಅಲ್ಲಿವರೆಗೆ ಅವರಿಗೆ ಕಂಡಿರಲಿಲ್ಲ ಅಷ್ಟೇ. ಸೂರವ್ವ ಕೂತ ತಕ್ಷಣ ಅವರನ್ನೂ ಬಿಡಲಿಲ್ಲ.

"ಗೌಡರೇ, ಅಪ್ಪನ ಹೆಣ ಹೊತ್ತಾಗ ನಿಮ್ಮ ಬಾಯಿ ಎಲ್ಲಿತ್ತು?"

ಆಮೇಲೆ ಹೆಳವನ ಕಡೆ ತಿರುಗಿದಳು.

"ಹೊನ್ನಜ್ಜ, ಇವರು ಅಂದು ಬಾಯಿ ಬಿಡದ್ದನ್ನೂ ಕೆತ್ತು" ಅಂದಳು. ಅಜ್ಜ ಕೆತ್ತಿದ. ಅಂದಿನಿಂದ ಆ ಏಳು ಗೌಡರ ಮನೆ ಮುಂದೆ ಹೆಳವ ಬಂದಾಗಲೆಲ್ಲ, ಅವರ ಮೊಮ್ಮಕ್ಕಳು ಮರಿಮಕ್ಕಳು ಆ ಮಾತನ್ನೂ ನಿಂತು ಕೇಳಬೇಕಾಯಿತು.

ಇದರ ನೀತಿ ಇಷ್ಟೇ ಕಣ್ರಪ್ಪ. ದೊಡ್ಡವನಾಗೋಕೆ ಹೆತ್ತವರನ್ನು ಅಲ್ಲಗಳೆಯಬೇಡಿ. ಮತ್ತೆ, ಕಣ್ಣೆದುರು ಅನ್ಯಾಯ ನಡೆದಾಗ ಸುಮ್ಮನೆ ಕೂತವರ ಹೆಸರೂ ಎಲ್ಲೋ ಒಂದು ಕಡೆ ಬರೆದಿರುತ್ತೆ, ಅದನ್ನ ಮರೀಬೇಡಿ.