ಬೆಟ್ಟದಂಚಿನ ಬೆಳ್ಳಿಗೆರೆ

ಬಿಸಿಲು ಇನ್ನೂ ಹೊಸದಾಗಿದ್ದ ಕಾಲ, ಮಗೂ. ಬೆಟ್ಟಗಳ ಮೇಲೆ ಹುಲ್ಲು ಕೂಡ ಸರಿಯಾಗಿ ಚಿಗುರಿರಲಿಲ್ಲ. ಆಗ ಯಾವ ಕಣ್ಣಿಗೂ ಅಂಚು ಕಾಣುತ್ತಿರಲಿಲ್ಲ. ಬೆಟ್ಟ ಎಲ್ಲಿ ಮುಗಿಯಿತು, ಬಾನು ಎಲ್ಲಿ ಶುರುವಾಯಿತು, ಯಾರಿಗೂ ತಿಳಿಯುತ್ತಿರಲಿಲ್ಲ. ಎಲ್ಲವೂ ಹಾಲು ಕದಡಿದ ಹಾಗೆ.

ಬಂಡೆಯ ಸಂದಿನಲ್ಲಿ ಸುಯ್ಯಿ ಎಂಬ ಹಕ್ಕಿ ಮೂರು ಮರಿಗಳನ್ನು ಸಾಕುತ್ತಿದ್ದಳು. ಅವಳ ಗಂಡ ಹಿಂದಿನ ದಿನವಷ್ಟೇ, ಬಾನೆಂದುಕೊಂಡು ಬೆಟ್ಟಕ್ಕೇ ಹಾರಿ, ಬಡಿದು ಸತ್ತಿದ್ದ. ಮರಿಗಳು ಹಸಿದು ಚೀರುತ್ತಿದ್ದವು. ಸುಯ್ಯಿ ಹೋಗಲೇಬೇಕಾಯಿತು.

ಗಂಟಲಲ್ಲಿ ಹುಳು ತುಂಬಿಕೊಂಡು ಮರಳುವಾಗ ಗಾಳಿ ಕೂಗಿತು. "ನಿಧಾನ ಸುಯ್ಯಿ! ಬೆಟ್ಟ ಹತ್ತಿರ ಬಂತು!"

"ಎಲ್ಲಿ ಗಾಳಿಯಣ್ಣ? ನನಗೆ ಬರೀ ಬೆಳಕು!"

"ಇಲ್ಲೇ ಇದ್ದೇನೆ ತಾಯಿ," ಎಂದಿತು ಬೆಟ್ಟ, ನಡುಗುತ್ತಾ. "ನನಗೆ ಸರಿಯಲು ಬಾರದು."

ಆ ಮಾತು ಅವಳ ಕಣ್ಣೊಳಗೂ ಕೇಳಿಸಿತು. ಕಣ್ಣಿನ ಹಿಂದೆ ಈರುಳ್ಳಿ ಸಿಪ್ಪೆಗಿಂತ ತೆಳುವಾದ ಒಂದು ಪರದೆ ಉಂಟು. ಅಲ್ಲಿ ನರಗಳೆಂಬ ಪುಟ್ಟ ಮಂದಿ ಸಾವಿರಾರು ಜನ ಒತ್ತೊತ್ತಾಗಿ ಕೂತಿರುತ್ತಾರೆ. ಬೆಳಕು ಬಿದ್ದರೆ ಕೂಗುವುದೇ ಅವರ ಕೆಲಸ. "ಬೆಳಕು! ಬೆಳಕು! ಬೆಳಕು!" ಎಲ್ಲರೂ ಒಟ್ಟಿಗೆ ಕೂಗಿದರೆ ಯಾರ ಮಾತು ಕೇಳುತ್ತದೆ?

ಅವರ ನಡುವೆ ತೋಳಮ್ಮ ಎಂಬೊಬ್ಬಳಿದ್ದಳು. ಅಡ್ಡಡ್ಡಕ್ಕೆ ಉದ್ದುದ್ದ ತೋಳುಗಳು. ಕೂಗಲು ಬಾರದವಳು, ಪಿಸುಮಾತಿನವಳು.

"ಕೂಗಿರಿ," ಎಂದಳು ತೋಳಮ್ಮ. "ಆದರೆ ನೀವು ಎಷ್ಟು ಜೋರಾಗಿ ಕೂಗುತ್ತೀರೋ, ಅಷ್ಟೇ ಜೋರಾಗಿ ನಿಮ್ಮ ಅಕ್ಕಪಕ್ಕದವರ ಬಾಯಿ ಅದುಮುತ್ತೇನೆ."

"ಅಯ್ಯೋ, ಸುಯ್ಯಿ ಕುರುಡಿಯಾಗುತ್ತಾಳೆ!" ಎಂದರು ಆ ಮಂದಿ.

"ಈಗ ಕಾಣುತ್ತಿದೆಯೇ ಅವಳಿಗೆ?"

ತೋಳಮ್ಮ ತೋಳು ಚಾಚಿದಳು.

ಬಾನಿನ ಬೆಳಕು ಬಿದ್ದವರ ಸುತ್ತಲೂ ಕೂಗುವವರೇ. ಎಲ್ಲ ಕಡೆಯಿಂದ ಅದುಮಿದಾಗ ಅವರ ದನಿ ತಗ್ಗಿತು. ಬೆಟ್ಟದ ನೆರಳು ಬಿದ್ದವರು ಮೊದಲೇ ಮೆತ್ತಗೆ. ಆದರೆ ಬೆಳಕಿನ ಸಾಲಿನ ಕೊನೆಯವನ ಒಂದು ಪಕ್ಕದಲ್ಲಿ ನೆರಳಿನವರು. ಅವರ ಕೂಗು ಮೆತ್ತಗಿದ್ದುದರಿಂದ ಆ ಕಡೆಯಿಂದ ತೋಳಮ್ಮ ಅವನನ್ನು ಅಷ್ಟಾಗಿ ಅದುಮಲಿಲ್ಲ. ಅವನ ದನಿ ಗಂಟೆಯಂತೆ ಮೊಳಗಿತು! ಪಕ್ಕದ ನೆರಳಿನವನೋ, ಆ ಕೂಗಿಗೆ ತಕ್ಕಂತೆ ತೋಳಮ್ಮ ಬಾಯಿ ಅದುಮಿದ್ದರಿಂದ ಪೂರ್ತಿ ಮೌನವಾದ.

ಸುಯ್ಯಿಯ ಮುಂದೆ ಒಂದು ಬೆಳ್ಳನೆಯ ಗೆರೆ ಮೂಡಿತು. ಗೆರೆಯ ಆಚೆ ಬಾನು, ಈಚೆ ಬೆಟ್ಟ. ಜಗತ್ತಿನಲ್ಲೇ ಮೊದಲ ಗೆರೆ!

ರೆಕ್ಕೆ ಓರೆಯಾಯಿತು. ಬಂಡೆ ಅವಳ ಎದೆಯ ಗರಿ ಸವರಿ ಹಿಂದೆ ಸರಿಯಿತು.

ಗೂಡಿನ ಬಾಯಲ್ಲಿ ಕೂತವಳು ಹುಳು ಕೊಡುವುದನ್ನೇ ಮರೆತಳು. ಮರಿಗಳ ಪುಟ್ಟ ಕೊಕ್ಕು, ದುಂಡು ತಲೆ, ಒಂದೊಂದು ಗರಿಗೂ ಅದರದೇ ಅಂಚು.

"ಓ, ನಿಮ್ಮ ಮುಖ ಹೀಗಿದೆಯಾ!" ಎಂದಳು ಮೆಲ್ಲಗೆ. ಗಾಳಿಯೂ ಉಸಿರು ಹಿಡಿದು ನಿಂತಿತು.

ತೋಳಮ್ಮನ ವಂಶದವರು ಇಂದಿಗೂ ನಿನ್ನ ಕಣ್ಣಲ್ಲಿ ತೋಳು ಚಾಚಿ ಕೂತಿದ್ದಾರೆ ಮಗೂ. ಅದಕ್ಕೇ ಸಂಜೆ ನೀನು ನೋಡುವಾಗ, ಬೆಟ್ಟದ ತಲೆಗೆ ತಾಗಿದ ಬಾನು ಉಳಿದ ಬಾನಿಗಿಂತ ಒಂದೆಳೆಯಷ್ಟು ಹೆಚ್ಚು ಬೆಳ್ಳಗೆ ಕಾಣುತ್ತದೆ.